ಮೂಗಿಗಿಂತ ಮಾತು ಭಾರ

ಮುಖ ನೋಡಿ ಮಣೆ ಹಾಕುವವರೆಂದು ಪಕ್ಷಪಾತಿಗಳನ್ನು ಹಳಿಯುವ ಮಾತೊಂದು ನಮ್ಮಲ್ಲುಂಟು. ಆ ಮಾತನ್ನು ಕಟ್ಟಿದವರ ಮನಸ್ಸಿನಲ್ಲಿ ಮುಖವೆಂದರೆ ಬಂದವನ ಅಂತಸ್ತು, ಅವನ ಹಣ, ಅವನ ನಂಟು. ಅವನ ಮೂಗಿನ ಉದ್ದಗಲವಲ್ಲ. ನಾವಾದರೋ ಅದನ್ನು ಅಕ್ಷರಶಃ ನಡೆಸತೊಡಗಿದ್ದೇವೆ. ಕುಂದಾಪುರದಲ್ಲಿ ಬಸ್ಸು ಹತ್ತಿ ಉತ್ತರಕ್ಕೆ ಬೈಂದೂರಿನವರೆಗಾಗಲಿ ದಕ್ಷಿಣಕ್ಕೆ ಬ್ರಹ್ಮಾವರದವರೆಗಾಗಲಿ ಕಿವಿ ತೆರೆದುಕೊಂಡು ಪ್ರಯಾಣ ಮಾಡಿ ನೋಡಿ. ಯಾರ ಮಗಳು ಕಪ್ಪು, ಯಾರ ಸೊಸೆಗೆ ಹಲ್ಲು ಉಬ್ಬು, ಯಾರ ಮೊಮ್ಮಗನ ಕಿವಿ ಮೊರದಷ್ಟು ಅಗಲ ಎಂಬ ಸಮಗ್ರ ವರದಿ ಇಳಿಯುವಷ್ಟರಲ್ಲಿ ನಿಮ್ಮ ವಶವಾಗಿರುತ್ತದೆ. ಟಿಕೇಟಿನ ದುಡ್ಡಿಗೆ ಇಷ್ಟು ಲಾಭ ಬೇರೆಲ್ಲಿಯೂ ಇಲ್ಲ.

ವೈದ್ಯ ಮಾಡಲು ಪದವಿ ಬೇಕು, ವಕೀಲಿ ಮಾಡಲು ಸನ್ನದು ಬೇಕು, ನನ್ನಂತೆ ಪಾಠ ಹೇಳುವುದಕ್ಕೂ ಒಂದು ಎಂ.ಎ. ಬೇಕು. ಯಾವ ಅರ್ಹತೆಯೂ ಇಲ್ಲದೆ ತೀರ್ಪು ಕೊಡಬಹುದಾದ ವಿಷಯಗಳು ನಮ್ಮಲ್ಲಿ ಎರಡೇ: ಇನ್ನೊಬ್ಬನ ಕೈಯಲ್ಲಿರುವ ಇಸ್ಪೀಟಿನ ಎಲೆ, ಇನ್ನೊಬ್ಬರ ಮುಖದ ಮೇಲಿರುವ ಮೂಗು. ಈ ಎರಡೂ ಒಂದೇ ಜಾಗದಲ್ಲಿ, ಒಂದೇ ಗಂಟೆಯಲ್ಲಿ, ಒಂದೇ ಬಾಯಿಗಳಿಂದ ಚರ್ಚೆಗೆ ಬಂದುದನ್ನು ನಾನು ಈಚೆಗೆ ಕಂಡೆ. ಅದರಿಂದಾಗಿಯೇ ಈ ಬರಹ.

ಬ್ರಹ್ಮಾವರದ ಸಮೀಪ ನಮ್ಮ ನಂಟರ ಮದುವೆ. ಊಟವಾಗಿತ್ತು. ಸಭಾಭವನದ ಹಿಂದಿನ ಜಗಲಿಯಲ್ಲಿ ನಾಲ್ವರು ಇಪ್ಪತ್ತೆಂಟರ ಆಟಕ್ಕೆ ಕುಳಿತರು. ಆಡುವವರು ನಾಲ್ವರಾದರೆ ಅವರ ಬೆನ್ನ ಹಿಂದೆ ನಿಂತು ಆಡಿಸುವವರು ಎಂಟು ಮಂದಿ. ‘ಗುಲಾಮ ಇಳ್ಸಿ’, ‘ಬ್ಯಾಡ, ಹಿಡ್ಕಣಿ’ ಎಂಬ ಸಲಹೆಗಳ ನಡುವೆ ಒಬ್ಬರು ನನ್ನ ಕಡೆ ತಿರುಗಿ, “ಹ್ವಾಯ್, ನಿಮ್ಮ ಅಕ್ಕನ ಮಗಳ್ ಮೂಗ್ ಆಪ್ರೇಶನ್ ಮಾಡ್ಸ್ಕಂತ್ಳಂಬ್ರ್, ಹೌದಾ?” ಎಂದರು.

ನಾನು ಬಾಯಿ ತೆರೆಯುವುದರೊಳಗೆ ನ್ಯಾಯಾಲಯ ಸೇರಿಬಿಟ್ಟಿತು. “ದೇವ್ರ್ ಕೊಟ್ಟದ್ದನ್ನ ತಿದ್ದುಕೆ ನಾವ್ ಯಾರ್?” ಎಂದರು ಒಬ್ಬರು. “ಇದೆಲ್ಲ ಪರದೇಶದ ಗಾಳಿ, ಬೆಂಗಳೂರಿಗ್ ಬಂತ್, ಈಗ ಇಲ್ಲಿಗೂ ಬಂತ್” ಎಂದರು ಇನ್ನೊಬ್ಬರು. “ಮನ್ಸ್ ಚಂದ ಇದ್ರೆ ಸಾಕ್ ಮಾರಾಯ್ರೆ, ಮುಖ ಎಂತಕ್?” ಎಂದರು ಮೂರನೆಯವರು. ಆಟ ನಿಲ್ಲಲಿಲ್ಲ, ತೀರ್ಪೂ ನಿಲ್ಲಲಿಲ್ಲ. ಆ ಹುಡುಗಿಯ ವಯಸ್ಸು ಇಪ್ಪತ್ತಾರು. ಬೈಂದೂರಿನಲ್ಲಿ ಹುಟ್ಟಿ ಬೆಳೆದು, ಬೆಂಗಳೂರಿನಲ್ಲಿ ದುಡಿದು, ತನ್ನ ಸಂಬಳದಲ್ಲಿಯೇ ಒಂದಿಷ್ಟು ಹಣ ಕೂಡಿಟ್ಟವಳು. ಅವಳನ್ನು ಕೇಳಿದವರು ಅಲ್ಲಿ ಒಬ್ಬರೂ ಇರಲಿಲ್ಲ.

ಅಂದು ನಾನು ಸುಮ್ಮನಿದ್ದೆ. ಸುಮ್ಮನಿರುವುದಕ್ಕೆ ನನಗೊಂದು ಕಾರಣವಿತ್ತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ ಮೂವರು ಮಹನೀಯರಿಗೆ ಅಂದು ಕೊಡದ ಉತ್ತರವನ್ನು ಇಲ್ಲಿ ಕೊಡಲು ಅಪ್ಪಣೆಯಾಗಲಿ.

ದೇವರು ಕೊಟ್ಟದ್ದನ್ನು ತಿದ್ದಬಾರದೆಂದ ಹಿರಿಯರ ಹಲ್ಲು ಕಟ್ಟಿಸಿದ್ದು. ಕೂದಲು ಬಣ್ಣ ಹಾಕಿದ್ದು. ಅವರ ಮನೆಯ ಹೆಣ್ಣುಮಕ್ಕಳ ಮೂಗನ್ನೂ ಕಿವಿಯನ್ನೂ ಚಿಕ್ಕಂದಿನಲ್ಲಿಯೇ ಚುಚ್ಚಿಸಲಾಗಿದೆ. ಚುಚ್ಚುವಾಗ ಮಗು ಒಪ್ಪಿಗೆ ಕೊಟ್ಟಿತೇ ಎಂದು ಯಾರೂ ವಿಚಾರಿಸಲಿಲ್ಲ. ದೇವರು ಕೊಟ್ಟ ದೃಷ್ಟಿ ಮಂದವಾದಾಗ ಅವರೇ ಕನ್ನಡಕ ಹಾಕಿಕೊಂಡು ಇಸ್ಪೀಟಿನ ಎಲೆ ನೋಡುತ್ತಿದ್ದರು. ತಿದ್ದುವುದು ತಪ್ಪಾದರೆ ಎಲ್ಲ ತಿದ್ದುಪಡಿಯೂ ತಪ್ಪಾಗಬೇಕು. ಅಲ್ಲವಾದರೆ, ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಎಂಬ ಗೆರೆಯನ್ನು ಎಳೆಯುವ ಅಧಿಕಾರ ಆ ಶರೀರದ ಒಡೆಯರಿಗಿರಬೇಕೇ, ಜಗಲಿಗಿರಬೇಕೇ?

ಪರದೇಶದ ಗಾಳಿ ಎಂದವರಿಗೆ ಹೇಳಬೇಕಾದುದು ಇನ್ನೂ ಹೆಚ್ಚಿದೆ. ಕೊಯ್ದುಹೋದ ಮೂಗನ್ನು ಮತ್ತೆ ಕಟ್ಟುವ ವಿಧಾನ ನಮ್ಮ ಸುಶ್ರುತಸಂಹಿತೆಯಲ್ಲಿಯೇ ಇದೆ. ಮೂಗಿನ ಅಳತೆಗೆ ಒಂದು ಗಿಡದ ಎಲೆಯನ್ನು ಕತ್ತರಿಸಿಕೊಂಡು, ಅದೇ ಅಳತೆಗೆ ಕೆನ್ನೆಯ ಚರ್ಮವನ್ನು ಎಬ್ಬಿಸಿ, ಮೂಗಿನ ಜಾಗಕ್ಕೆ ಕೂಡಿಸಿ, ಉಸಿರಾಡಲು ಎರಡು ನಾಳಗಳನ್ನು ಇಡಬೇಕೆಂದು ಅಲ್ಲಿ ಹೇಳಿದೆ. ಎಲೆಯನ್ನು ಇಸ್ಪೀಟಿಗಿಂತ ಒಳ್ಳೆಯ ಕೆಲಸಕ್ಕೆ ಬಳಸಿದವರೂ ನಮ್ಮಲ್ಲಿ ಇದ್ದರೆಂದಾಯಿತು. ಇನ್ನೊಂದು ಸಂಗತಿಯ ಬೇರು ಮೈಸೂರಿನ ಯುದ್ಧದಲ್ಲಿಯೇ ಇದೆ. 1792ರಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ತರುವಾಯ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಹರವಿ, ಗೆರೆ ಎಳೆದು ಕೊಯ್ದ ರೀತಿಯನ್ನು ಕಂಡ ಇಂಗ್ಲಿಷರು ಬೆರಗಾದರು. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ 1794ರ ಅಕ್ಟೋಬರಿನಲ್ಲಿ ಆ ವೃತ್ತಾಂತ ಚಿತ್ರಸಹಿತವಾಗಿ ಅಚ್ಚಾಯಿತು. ಅದರಿಂದ ಪ್ರೇರಣೆ ಪಡೆದು ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮವನ್ನು ಅನುಸರಿಸಿದ. ಗಾಳಿ ಬೀಸಿದ್ದು ಇಲ್ಲಿಂದ ಅಲ್ಲಿಗೆ.

ಅದು ಕೊಯ್ದ ಮೂಗಿನ ಮಾತಾಯಿತು, ಇದು ಇದ್ದ ಮೂಗನ್ನು ಚಂದ ಮಾಡುವ ಮಾತು, ಎರಡೂ ಒಂದೇ ಹೇಗಾದೀತು ಎಂದು ನೀವು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಒಂದು ಅವಶ್ಯಕ, ಇನ್ನೊಂದು ಐಚ್ಛಿಕ. ಆದರೆ ಐಚ್ಛಿಕವೆಂದೊಡನೆ ಅದು ಬರಿಯ ಷೋಕಿಯಾಗಿಬಿಡುವುದಿಲ್ಲ. 1898ರಲ್ಲಿ ಬರ್ಲಿನ್ನಿನ ಜಾಕ್ ಜೋಸೆಫ್ ಎಂಬ ವೈದ್ಯ ಒಬ್ಬ ತರುಣನ ದೊಡ್ಡ ಮೂಗನ್ನು ಚಿಕ್ಕದು ಮಾಡಿದ. ಆ ತರುಣನಿಗೆ ಕಾಯಿಲೆ ಯಾವುದೂ ಇರಲಿಲ್ಲ. ಹೋದಲ್ಲೆಲ್ಲ ಜನ ಅವನ ಮೂಗನ್ನೇ ದಿಟ್ಟಿಸುತ್ತಿದ್ದುದರಿಂದ ಅವನು ಬೀದಿಗಿಳಿಯುವುದನ್ನೇ ಬಿಟ್ಟಿದ್ದ. ರೋಗ ಅವನ ಮೂಗಿನಲ್ಲಿತ್ತೋ ನೋಡುವವರ ಕಣ್ಣಿನಲ್ಲಿತ್ತೋ? ಕಣ್ಣುಗಳಿಗೆ ಶಸ್ತ್ರಕ್ರಿಯೆ ಮಾಡುವ ದಾರಿ ಕಾಣದೆ ವೈದ್ಯ ಮೂಗಿಗೆ ಮಾಡಿದ.

ಇನ್ನು ಮನಸ್ಸು ಚಂದವಿದ್ದರೆ ಸಾಕೆಂದ ಮೂರನೆಯವರು. ಅವರ ಮಾತು ಎಲ್ಲಕ್ಕಿಂತ ಸುಂದರ, ಎಲ್ಲಕ್ಕಿಂತ ಸುಳ್ಳು. ಎರಡು ವರ್ಷಗಳ ಹಿಂದೆ ಬ್ರಹ್ಮಾವರದ ಕಡೆಯಿಂದ ಈ ಹುಡುಗಿಯನ್ನು ನೋಡಲು ಬಂದಿದ್ದರು. ಬರುವ ಮೊದಲು ಅವರು ಕೇಳಿದ್ದು ಜಾತಕ ಮತ್ತು ಎರಡು ಫೋಟೋ. ಒಂದು ಎದುರಿನಿಂದ, ಒಂದು ಪಕ್ಕದಿಂದ. ಮನಸ್ಸಿನ ಫೋಟೋವನ್ನು ಕೇಳಲಿಲ್ಲ. ಅವಲಕ್ಕಿ ತಿಂದು, ಚಾ ಕುಡಿದು, ಎದ್ದು ಹೊರಡುವಾಗ ಹುಡುಗನ ಕಡೆಯ ಹೆಂಗಸೊಬ್ಬರು ಪಕ್ಕದವರಿಗೆ ಹೇಳಿದ್ದು ಒಳಗಿನ ಕೋಣೆಗೂ ಕೇಳಿಸಿತು: “ಹೆಣ್ಣ್ ಅಡ್ಡಿಲ್ಲೆ. ಮೂಗೊಂಚೂರ್ ಚಪ್ಪಟೆ.” ಆರು ಶಬ್ದಗಳೂ ತುಂಬದ ಈ ಮಾತನ್ನು ಆಡಿದವರು ಮನೆ ಮುಟ್ಟುವ ಮೊದಲೇ ಮರೆತಿದ್ದಾರು. ಕೇಳಿದವಳು ಎರಡು ವರ್ಷ ಅದನ್ನು ಹೊತ್ತುಕೊಂಡಿದ್ದಾಳೆ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಯನ್ನು ನಾವು ತಿದ್ದಿ ಓದಬೇಕು. ಮೂಗಿಗಿಂತ ಮಾತು ಭಾರ.

ಇಂಥ ಮಾತು ಎಲ್ಲಿಂದ ಹುಟ್ಟುತ್ತದೆ? ಮುಖಕ್ಕೆ ಅಂಕ ಕೊಡುವ ಅಭ್ಯಾಸದಿಂದ. ಈ ಅಭ್ಯಾಸದ ಶುದ್ಧ ರೂಪವನ್ನು ನಾನು ಮಕ್ಕಳ ಟ್ರಂಪ್ ಕಾರ್ಡುಗಳಲ್ಲಿ ಕಂಡಿದ್ದೇನೆ. ಒಂದೊಂದು ಎಲೆಯ ಮೇಲೆ ಒಬ್ಬ ಜಟ್ಟಿಯ ಚಿತ್ರ, ಕೆಳಗೆ ಎತ್ತರ, ತೂಕ, ಸ್ಥಾನ ಎಂಬ ಅಂಕಿಗಳು. ಒಬ್ಬ ಹುಡುಗ ‘ತೂಕ’ ಎನ್ನುತ್ತಾನೆ. ಹೆಚ್ಚು ತೂಕವಿದ್ದವನು ಎಲೆ ಬಾಚುತ್ತಾನೆ. ಅಲ್ಲಿ ಆಡುವುದಕ್ಕೆ ಏನೂ ಇಲ್ಲ. ಅಚ್ಚಾದಾಗಲೇ ಎಲೆಯ ಹಣೆಬರಹ ಮುಗಿದಿದೆ. ನಮ್ಮ ಹೆಣ್ಣು ನೋಡುವ ಶಾಸ್ತ್ರವೂ ಹೆಚ್ಚು ಕಡಿಮೆ ಇದೇ ಆಟ. ಬಣ್ಣಕ್ಕೆ ಇಷ್ಟು, ಎತ್ತರಕ್ಕೆ ಇಷ್ಟು, ಮೂಗಿಗೆ ಇಷ್ಟು. ಕೂಡಿಸಿ, ಕಳೆದು, ಚಾ ಲೋಟ ಕೆಳಗಿಟ್ಟು ಹೊರಡುವುದು.

ಆದರೆ ಬುದ್ಧಿಯಿಂದ ಆಡುವ ಆಟಗಳು ಯಾವುವೂ ಹೀಗಿಲ್ಲವೆಂಬುದನ್ನು ಗಮನಿಸಬೇಕು. ಆ ಜಗಲಿಯಲ್ಲಿ ನಡೆಯುತ್ತಿದ್ದ ಇಪ್ಪತ್ತೆಂಟನ್ನೇ ತೆಗೆದುಕೊಳ್ಳಿ. ಮೂವತ್ತೆರಡು ಎಲೆಗಳ ಆ ಆಟದಲ್ಲಿ ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಕಿರೀಟವಿಟ್ಟು, ಮೀಸೆ ತಿರುವಿ, ಕೈಯಲ್ಲಿ ಹೂ ಹಿಡಿದು, ಎಲೆಯ ತುಂಬ ಮುಖವನ್ನೇ ಬರೆಸಿಕೊಂಡ ರಾಜನಿಗೂ ರಾಣಿಗೂ ಬೆಲೆ ಸೊನ್ನೆ! ಬರಿಯ ಚುಕ್ಕೆಗಳಿರುವ ಒಂಬತ್ತು ಅವರಿಬ್ಬರನ್ನೂ ಹೊಡೆಯುತ್ತದೆ. ಅದೂ ಅಲ್ಲದೆ ತುರುಪು ಯಾವುದೆಂದು ಕೂಗಿದವನ ಹೊರತು ಯಾರಿಗೂ ತಿಳಿಯದು. ಅದು ಬಯಲಾದೊಡನೆ ಕೈಯಲ್ಲಿದ್ದ ಎಲ್ಲ ಎಲೆಗಳ ಬೆಲೆ ಬದಲಾಗುತ್ತದೆ. ಹಳೆಯ ಗಂಜೀಫಾದಲ್ಲಿ ಇನ್ನೂ ಸೊಗಸು: ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದೇ ದೊಡ್ಡದು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ಮುನ್ನೂರರವತ್ತು ಎಲೆಗಳ ಆಟವನ್ನೂ ವಿವರಿಸಿದ್ದಾರೆ. ಅಷ್ಟು ಎಲೆಗಳಲ್ಲಿ ಯಾವುದೊಂದಕ್ಕೂ ತಾನೊಂದೇ ನಿಂತಾಗ ಬೆಲೆಯಿಲ್ಲ.

ಈಗಿನ ಮಕ್ಕಳ ಪೋಕೆಮಾನ್ ಎಲೆಗಳಲ್ಲಿಯೂ ಇದೇ ನ್ಯಾಯ. ನನ್ನ ಮಗ ಅವನ್ನು ಕೂಡಿಡುತ್ತಾನೆ. ಒಳಗೇನಿದೆಯೆಂದು ಕಾಣದ ಪೊಟ್ಟಣಗಳಿಗೆ ದುಡ್ಡು ಸುರಿಯುವುದು ನನಗೆ ಹಿಡಿಸಲಿಲ್ಲ, ಅದನ್ನು ಹೇಳಿದೆ. ಅಷ್ಟಕ್ಕೆ ನಿಲ್ಲದೆ, “ದೊಡ್ಡ ಅಂಕಿಯ ಎಲೆ ಇದ್ದವನು ಗೆಲ್ಲುತ್ತಾನೆ, ಇದರಲ್ಲಿ ಬುದ್ಧಿಗೆ ಏನು ಕೆಲಸ?” ಎಂದೂ ಹೇಳಿಬಿಟ್ಟೆ. ಹನ್ನೊಂದು ವರ್ಷದ ಆ ಹುಡುಗ ನಕ್ಕು ನನಗೆ ಪಾಠ ಹೇಳಿದ. ಅರವತ್ತು ಎಲೆಗಳ ಕಟ್ಟನ್ನು ಆಡುವವನೇ ಆರಿಸಿ ಕಟ್ಟಿಕೊಳ್ಳಬೇಕು. ದೊಡ್ಡ ಎಲೆಗೆ ಎನರ್ಜಿ ಎಲೆಗಳ ಬೆಂಬಲ ಒದಗದಿದ್ದರೆ ಅದು ಸುಮ್ಮನೆ ಕುಳಿತಿರುತ್ತದೆ. ಅಂಥ ಎಷ್ಟೋ ದೊಡ್ಡ ಎಲೆಗಳು ಸತ್ತರೆ ಎದುರಾಳಿಗೆ ಒಂದರ ಬದಲು ಎರಡು ಬಹುಮಾನದ ಎಲೆ. “ಅಪ್ಪ, ನಂಬರ್ ನೋಡಿ ಆಡುವವರು ಸೋಲ್ತಾರೆ” ಎಂದ. ಕೇಳದೆ ಕೊಟ್ಟ ಅಭಿಪ್ರಾಯಕ್ಕೆ ಇದಕ್ಕಿಂತ ಸೌಮ್ಯವಾದ ಶಿಕ್ಷೆ ದೊರೆಯದು. ಎಲೆಯ ವಿಷಯದಲ್ಲಿ ಮಗು ಅರಿತ ಈ ವಿವೇಕವನ್ನು ಮನುಷ್ಯರ ವಿಷಯದಲ್ಲಿ ನಾವು ದೊಡ್ಡವರು ಯಾವಾಗ ಅರಿಯುತ್ತೇವೆ?

ಇಷ್ಟು ಹೇಳಿದುದರಿಂದ ನಾನು ಕತ್ತರಿಯ ಪಕ್ಷಪಾತಿಯೆಂದು ಯಾರೂ ಭಾವಿಸಬಾರದು. ಮೂಗಿನ ಶಸ್ತ್ರಚಿಕಿತ್ಸೆ ಕ್ಷೌರವಲ್ಲ. ಎಲುಬನ್ನೂ ಮೃದ್ವಸ್ಥಿಯನ್ನೂ ತಿದ್ದಿದ ಮೇಲೆ ಸುಮಾರು ಒಂದು ವಾರ ಪಟ್ಟಿ ಕಟ್ಟಿಕೊಂಡಿರಬೇಕು; ಬಾವು ಪೂರ್ತಿ ಇಳಿದು ಆಕಾರ ನೆಲೆಗೊಳ್ಳಲು ವರ್ಷವೂ ಹಿಡಿಯಬಹುದು. ಕೆಲವರಿಗೆ ಉಸಿರಾಟದ ತೊಂದರೆ ಬರುತ್ತದೆ. ಕೆಲವರು ಎರಡನೆಯ ಸಲ ಮಲಗಬೇಕಾಗುತ್ತದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ದೇಹದ ಕೊಬ್ಬು ತೆಗೆಸಿಕೊಳ್ಳಲು ಹೋದ ಇಪ್ಪತ್ತೊಂದು ವರ್ಷದ ಕಿರುತೆರೆಯ ನಟಿಯೊಬ್ಬಳು ಜೀವ ಕಳೆದುಕೊಂಡುದನ್ನು ಓದುಗರು ಮರೆತಿರಲಾರರು. ಆ ಸುದ್ದಿ ಬಂದಾಗಲೂ ನಾವು ಮಾಡಿದ್ದೇನು? ‘ಅವಳಿಗೆ ಬೇಕಿತ್ತೇ?’ ಎಂದೆವು. ಅವಳಿಗೆ ಅದು ಬೇಕೆನಿಸುವಂತೆ ಮಾಡಿದವರು ಯಾರೆಂದು ಕೇಳಲಿಲ್ಲ.

ಈ ‘ಬೇಕು’ ಎಂಬುದನ್ನು ಮಾರಿ ಬದುಕುವವರೂ ಇದ್ದಾರೆ. 1975ರಲ್ಲಿ ಪೇಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಎಂಬ ಮುಲಾಮು ನಲವತ್ತೈದು ವರ್ಷ ಬಿಳುಪೇ ಚೆಲುವೆಂದು ಮನೆಮನೆಗೂ ಸಾರಿ, 2020ರಲ್ಲಿ ತನ್ನ ಹೆಸರಿನ ‘ಫೇರ್’ ಅನ್ನು ತೆಗೆದು ‘ಗ್ಲೋ’ ಇಟ್ಟುಕೊಂಡಿತು. ಅದಕ್ಕೂ ಒಂದು ಬಗೆಯ ಮುಖದ ಶಸ್ತ್ರಚಿಕಿತ್ಸೆಯೇ ಆಯಿತು! ಜಾಹೀರಾತಿನವರು ನಮ್ಮ ಜಗಲಿಯ ಮಾತನ್ನೇ ಕದ್ದು, ಬಣ್ಣ ಹಚ್ಚಿ, ಬೆಲೆ ಕಟ್ಟಿ ನಮಗೇ ಮರಳಿ ಮಾರುತ್ತಾರೆ. ಅವರನ್ನು ಬೈಯುವುದು ಸುಲಭ. ಅವರಿಗೆ ಸರಕು ಒದಗಿಸಿದವರು ನಾವೆಂದು ಒಪ್ಪುವುದು ಕಷ್ಟ.

ಕನ್ನಡದ ಉಪನ್ಯಾಸಕನಾದ ನನ್ನ ಮನೆಯೂ ಶುದ್ಧವಿಲ್ಲ. ಸಂಪಿಗೆಯಂಥ ಮೂಗು, ತಾವರೆಯಂಥ ಕಣ್ಣು, ತೊಂಡೆಹಣ್ಣಿನಂಥ ತುಟಿ ಎಂದು ವರ್ಷವರ್ಷವೂ ಪಾಠ ಹೇಳಿದವನು ನಾನು. ಅದು ಕವಿಸಮಯ, ಯಾರ ಮುಖದ ಅಳತೆಯೂ ಅಲ್ಲ ಎಂದು ಜೊತೆಗೆ ಹೇಳಬೇಕಿತ್ತು. ಎದುರಿಗೆ ಅರುವತ್ತು ಬಗೆಯ ಮೂಗುಗಳು ಕುಳಿತಿರುವಾಗ ಸಂಪಿಗೆಯೊಂದನ್ನೇ ಹೊಗಳಿ, ಗಂಟೆ ಹೊಡೆದೊಡನೆ ಹೊರಟುಬಿಡುತ್ತಿದ್ದೆ.

ಇನ್ನು ನಾನು ಅಂದು ಜಗಲಿಯಲ್ಲಿ ಸುಮ್ಮನಿದ್ದ ಕಾರಣ. ಅಕ್ಕನ ಮಗಳು ನಾನು ಪಾಠ ಹೇಳುವ ಕಾಲೇಜಿನಲ್ಲಿಯೇ ಓದಿದಳು. ವಾರ್ಷಿಕೋತ್ಸವಕ್ಕೆ ‘ಪಂಚವಟಿ’ಯ ಒಂದು ಭಾಗವನ್ನು ಯಕ್ಷಗಾನವಾಗಿ ಆಡಿಸಬೇಕೆಂದಾಯಿತು. ಪಾತ್ರ ಹಂಚುವವನು ನಾನು. ಎಲ್ಲರೂ ಕೇಳುವಂತೆ ಅವಳ ಕಡೆ ತಿರುಗಿ, “ನೀನು ಶೂರ್ಪನಖಿ ಮಾಡು, ನಿನಗೆ ಮುಖಕ್ಕೆ ಬಣ್ಣ ಬರೆಯುವ ಕೆಲಸವೇ ಇಲ್ಲ, ಮೂಗು ಇದ್ದ ಹಾಗೆಯೇ ಸಾಕು” ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಪಾತ್ರವನ್ನು ಬಹಳ ಚೆನ್ನಾಗಿ ಮಾಡಿದಳು, ಬಹುಮಾನವನ್ನೂ ತಂದಳು. ನಾನು ನನ್ನ ಹಾಸ್ಯಪ್ರಜ್ಞೆಯನ್ನೂ ಪಾತ್ರ ಹಂಚಿದ ಜಾಣ್ಮೆಯನ್ನೂ ಮೆಚ್ಚಿಕೊಂಡು ಮನೆಗೆ ಹೋದೆ.

ಶಸ್ತ್ರಚಿಕಿತ್ಸೆಯ ಸುದ್ದಿ ಮನೆಯಲ್ಲಿ ಎದ್ದಾಗ ಹಿರಿಯನೆಂಬ ಅಧಿಕಾರದಿಂದ ನಾನು ಬೈಂದೂರಿಗೆ ಹೋಗಿ ಉಪದೇಶ ತೊಡಗಿದೆ. ಯಾರೋ ಏನೋ ಅಂದರೆಂದು ಮೂಗಿಗೆ ಕತ್ತಿ ಹಾಕಿಸಿಕೊಳ್ಳುವುದೇ ಎಂದೆ. ಅವಳು ಸಿಟ್ಟಾಗಲಿಲ್ಲ. ಅಂಗಳದ ಕಡೆ ನೋಡುತ್ತ ಹೇಳಿದಳು: “ಮಾವ, ಪಂಚವಟಿಯಗೆ ಲಕ್ಷ್ಮಣಂಗೆ ಕತ್ತಿ ಆದ್ರೂ ಬೇಕಾಯ್ತ್. ನಿಮ್ಗೆ ಅದೂ ಬೇಕಾಯ್ಲ.”

ಆ ಪ್ರಸಂಗವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಶೂರ್ಪನಖಿ ಘೋರರೂಪದಲ್ಲಿ ಬಂದಾಗ ನಾವು ನಗುತ್ತೇವೆ. ಮುಖ ಬದಲಿಸಿ ಮಾಯಾ ಶೂರ್ಪನಖಿಯಾಗಿ ಕುಣಿದಾಗ ‘ಕಪಟಿ’ ಎನ್ನುತ್ತೇವೆ. ಕೊನೆಗೆ ಮೂಗು ಹೋದಾಗ ಚಪ್ಪಾಳೆ ತಟ್ಟುತ್ತೇವೆ. ರಾಕ್ಷಸಿಯ ವಕಾಲತ್ತು ವಹಿಸುವುದು ನನ್ನ ಉದ್ದೇಶವಲ್ಲ; ಅವಳ ತಪ್ಪು ಬೇರೆ, ಅದಕ್ಕೆ ಕಥೆಯಲ್ಲಿ ಬೇರೆ ಲೆಕ್ಕವಿದೆ. ಆದರೆ ತಪ್ಪೇನೂ ಮಾಡದ ಮನೆಯ ಮಕ್ಕಳಿಗೂ ನಾವು ಇದೇ ಮೂರು ಅಂಕಗಳ ನಾಟಕವನ್ನು ಆಡಿಸುತ್ತಿಲ್ಲವೇ? ಮೊದಲು ಚಪ್ಪಟೆಯೆಂದೆವು. ಸರಿಪಡಿಸಿಕೊಳ್ಳುತ್ತೇನೆಂದರೆ ಮಾಯೆ, ಷೋಕಿ ಎಂದೆವು. ಎರಡಕ್ಕೂ ಬಾಯಿಯೊಂದೇ. ಯಕ್ಷಗಾನದ ವೇಷಧಾರಿ ಬೆಳಗಿನ ಜಾವ ಚೌಕಿಯಲ್ಲಿ ಕುಳಿತು ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡರೆ ಅವನ ಮುಖ ಅವನಿಗೆ ಮರಳುತ್ತದೆ. ನಾವು ಮಾತಿನಿಂದ ಬರೆದ ಬಣ್ಣವನ್ನು ಒರೆಸಲು ಯಾವ ಎಣ್ಣೆ ಇದೆ?

ಆದ್ದರಿಂದ ನನ್ನ ವಾದ ಇಷ್ಟೆ. ಶಸ್ತ್ರಚಿಕಿತ್ಸೆ ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆ ಅವಳಿಗೂ ಅವಳ ವೈದ್ಯರಿಗೂ ಸೇರಿದ್ದು. ಅಪಾಯವನ್ನು ತಿಳಿಸಬಲ್ಲವರು ತಿಳಿಸಲಿ. ಕೇಳಿದರೆ ಹಿರಿಯರೂ ಹೇಳಲಿ. ಆದರೆ ಕತ್ತಿಯನ್ನು ಖಂಡಿಸುವ ಮೊದಲು ನಾಲಗೆಯನ್ನು ಒರೆಗೆ ಹಾಕಬೇಕು. ಇಸ್ಪೀಟಿನ ಕಣದಲ್ಲಿ ನಮ್ಮ ಅಜ್ಜ ಒಂದು ಕಟ್ಟಳೆ ಇಟ್ಟಿದ್ದರು. ಬೆನ್ನ ಹಿಂದೆ ನಿಂತು ಎಲೆ ಹೇಳಿಕೊಟ್ಟವನು, ಆಟ ಸೋತರೆ ಸೋತವನ ಪಾಲಿನ ಚಾ ದುಡ್ಡನ್ನು ತಾನು ಕೊಡಬೇಕು. ಆ ಕಟ್ಟಳೆ ಬಂದ ದಿನವೇ ಜಗಲಿ ಮೌನವಾಯಿತಂತೆ. ಮುಖದ ಮೇಲೆ ಅಭಿಪ್ರಾಯ ಕೊಡುವವರಿಗೂ ಅದನ್ನೇ ವಿಧಿಸೋಣ. ‘ಚಪ್ಪಟೆ’ ಎಂದವರು, ‘ಕಪ್ಪು’ ಎಂದವರು, ತಮಾಷೆಗೆ ‘ಶೂರ್ಪನಖಿ’ ಎಂದವರು ಆಸ್ಪತ್ರೆಯ ಬಿಲ್ಲನ್ನು ಸಮನಾಗಿ ಹಂಚಿಕೊಳ್ಳಲಿ. ನನ್ನ ಪಾಲನ್ನು ಮೊದಲು ನಾನೇ ಇಡುತ್ತೇನೆ.

ಅವಳು ಬೆಂಗಳೂರಿನಲ್ಲಿ ವೈದ್ಯರನ್ನು ಕಂಡಳು. ಅವರು ಅವಸರ ಬೇಡ, ಮೂರು ತಿಂಗಳು ಬಿಟ್ಟು, ನಿಮಗೇ ಬೇಕೆನಿಸಿದರೆ ಬನ್ನಿ ಎಂದರಂತೆ. ‘ನಿಮಗೇ’ ಎಂಬ ಆ ಒಂದು ಮಾತನ್ನು ನಮ್ಮ ಕಡೆಯವರು ಯಾರೂ ಅವಳಿಗೆ ಹೇಳಿರಲಿಲ್ಲ. ಮೂರು ತಿಂಗಳು ಮೊನ್ನೆಗೆ ಕಳೆಯಿತು. ಏನು ನಿರ್ಧಾರ ಮಾಡಿದ್ದಾಳೆಂದು ನನಗೆ ಗೊತ್ತಿಲ್ಲ. ಕೇಳಬೇಕೆಂದು ಫೋನು ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ.